ಮಗಳಿಗೊಂದು ಪತ್ರ: ಅಜ್ಜನ ಬಗ್ಗೆ ನೀನು ಬರೆದದ್ದು

ಪುಟ್ಟಿ,

ಅಜ್ಜನ ಮೇಲೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಚೆನ್ನಾಗಿದೆ. ಆದರೆ ಅವರ ಇಸ್ಪೀಟಿನ ಚಟ, ತೋಟ ಅಡವಿಟ್ಟದ್ದು ಎಲ್ಲೂ ಕಾಣಲಿಲ್ಲ. ಅದನ್ನು ದೊಡ್ಡಮ್ಮ ಹೇಳಿ ತೆಗೆಸಿದ್ದು ತಾನೇ? ಫೋನಿನಲ್ಲಿ ಹೇಳಿದರೆ ಜಗಳವಾಗುತ್ತೆ, ಅದಕ್ಕೇ ಈ ಕಾಗದ.

ಈ ಮಳೆಗಾಲ ಪೂರ್ತಿ ರೂತ್ ಪೆಡೆಲ್ ಓದುತ್ತಿದ್ದೇನೆ. ಅವಳ ಮನೆತನದಲ್ಲೂ ಹೀಗೇ ಬರಹದಿಂದ ತೆಗೆಸಿದ್ದುಂಟು, ಅದಕ್ಕೇ ಹೇಳುತ್ತಿದ್ದೇನೆ. 1946ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕವಿ, ವಿಮರ್ಶಕಿ. ಓದಿದ್ದು ಗ್ರೀಕ್; ಹುಲಿಗಳ ಬೆನ್ನು ಹತ್ತಿ ನಮ್ಮ ದೇಶದ ಕಾಡುಗಳನ್ನೂ ಸುತ್ತಿದಾಕೆ. ಪತ್ರಿಕೆಯ ಅಂಕಣದಲ್ಲಿ ವಾರಕ್ಕೊಂದು ಹೊಸ ಕವಿತೆ ಅಚ್ಚು ಹಾಕಿ, ಸಾಲು ಎಲ್ಲಿ ಮುರಿಯಿತು, ಮೊದಲ ಸಾಲಿನ ಯಾವ ಸ್ವರ ಕೊನೆಗೆ ಮರಳಿತು ಎಂದು ಬಿಡಿಸಿ ಹೇಳುತ್ತಿದ್ದಳು. ಕವಿತೆ ಅರ್ಥವಾಗಲ್ಲ ಅನ್ನುವ ನಿನ್ನಪ್ಪನಿಗೂ ಅದು ಹಿಡಿಸಿತು ಅಂದರೆ ನೋಡು.

ಈಕೆ ಚಾರ್ಲ್ಸ್ ಡಾರ್ವಿನ್ನನ ಮರಿಮೊಮ್ಮಗಳ ಮಗಳು. ಡಾರ್ವಿನ್ ತನ್ನ ಆತ್ಮಕಥೆಯಲ್ಲಿ, ಕ್ರೈಸ್ತ ಧರ್ಮವನ್ನು ನಂಬದವರಿಗೆಲ್ಲ ಶಾಶ್ವತ ಶಿಕ್ಷೆ ಅನ್ನುವುದಾದರೆ ನನ್ನಪ್ಪ, ಅಣ್ಣ, ಆಪ್ತ ಗೆಳೆಯರೆಲ್ಲ ಅದಕ್ಕೇ ಹೋಗಬೇಕು ಎಂದು ಕಟುವಾಗಿ ಬರೆದಿದ್ದ. ಹೆಂಡತಿ ಎಮ್ಮಾ ಒಪ್ಪಲಿಲ್ಲ. 1887ರಲ್ಲಿ ಮಗ ಅಚ್ಚು ಹಾಕಿಸುವಾಗ ಅಂಥವೆಲ್ಲ ಕತ್ತರಿಗೆ ಹೋದವು. 1958ರಲ್ಲಿ ಅವನ್ನು ಮತ್ತೆ ಸೇರಿಸಿದವಳು ಮೊಮ್ಮಗಳು ನೋರಾ ಬಾರ್ಲೋ, ರೂತ್‌ಳ ಅಜ್ಜಿ.

2009ರಲ್ಲಿ ರೂತ್ ಡಾರ್ವಿನ್ನನ ಬದುಕನ್ನೇ ಕವಿತೆಗಳಾಗಿ ಬರೆದಳು. ಪುಟದಂಚಿನಲ್ಲಿ ಸಣ್ಣ ಟಿಪ್ಪಣಿಗಳು, ಒಳಗೆ ಅವನದೇ ಪತ್ರಗಳ ಮಾತು. 1851ರ ಏಪ್ರಿಲ್‌ನಲ್ಲಿ ಡಾರ್ವಿನ್ನನ ಹತ್ತು ವರ್ಷದ ಮಗಳು ಆ್ಯನಿ ಮನೆಯಿಂದ ದೂರದ ಮಾಲ್ವರ್ನ್ ಊರಿನಲ್ಲಿ ತೀರಿಕೊಂಡಳು. ಎಮ್ಮಾ ತುಂಬು ಬಸುರಿ, ಹೋಗಲಾಗಲಿಲ್ಲ. ಮನೆಯಲ್ಲಿ ಗಂಡನ ಕಾಗದ ಕಾಯುತ್ತ ಕೂತಿದ್ದಳು. ಮುಂದಿನ ತಿಂಗಳು ಹುಟ್ಟಿದ ಮಗು ಹೊರೇಸ್. ಅವನೇ ನೋರಾಳ ಅಪ್ಪ, ರೂತ್‌ಳ ಮುತ್ತಜ್ಜ. ಇದು ಗೊತ್ತಾದ ಮೇಲೆ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ರೂತ್‌ಳದನ್ನೂ ಪೂರ್ತಿ ಹೇಳಬೇಕಲ್ಲ. ಅದೇ 2009ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನ ಕಾವ್ಯ ಪ್ರಾಧ್ಯಾಪಕಳಾಗಿ ಆಯ್ಕೆಯಾದಳು, ಮುನ್ನೂರು ವರ್ಷಗಳಲ್ಲಿ ಮೊದಲ ಹೆಣ್ಣು. ಒಂಬತ್ತೇ ದಿನಕ್ಕೆ ರಾಜೀನಾಮೆ. ಆ ಹುದ್ದೆಗೆ ಎದುರು ಸ್ಪರ್ಧಿಸಿದ್ದ ಕವಿ ಡೆರೆಕ್ ವಾಲ್ಕಾಟ್ ಮೇಲಿನ ಹಳೆಯ ಲೈಂಗಿಕ ಕಿರುಕುಳದ ಆರೋಪಗಳನ್ನು ಹೇಳುವ ಅನಾಮಧೇಯ ಕಾಗದಗಳು ಹಂಚಿಕೆಯಾಗಿ ಅವರು ಮೊದಲೇ ಹಿಂದೆ ಸರಿದಿದ್ದರು. ಆ ಕಾಗದಗಳಿಗೂ ತನಗೂ ಸಂಬಂಧವಿಲ್ಲ ಎಂದಳು ರೂತ್. ಆದರೆ ಅದೇ ಆರೋಪದ ಬಗ್ಗೆ ಪತ್ರಕರ್ತರಿಗೆ ಇಮೇಲ್ ಕಳಿಸಿದ್ದು ಹೊರಬಿತ್ತು. ನನಗೆ ಅದು ಸರಿ ಕಾಣುವುದಿಲ್ಲ. ಕವಿತೆಗಳನ್ನು ಓದುವುದು ಮಾತ್ರ ಬಿಟ್ಟಿಲ್ಲ.

ಅಜ್ಜನ ಲೆಕ್ಕದ ಪುಸ್ತಕ ಕೊರಿಯರ್ ಮಾಡಿದ್ದೇನೆ. ಬಾಳೆಲೆಯ ನಾರು ಕಟ್ಟಿದ ಪುಟ ತೆಗೆ. ತೋಟ ಅಡವಿಟ್ಟ ತಾರೀಕು ಅಲ್ಲಿದೆ. ಅದರ ಕೆಳಗಿನ ಸಾಲು ನನ್ನ ಕಾಲೇಜಿನ ಫೀಸು, 212 ರೂಪಾಯಿ. ಎರಡೂ ಒಂದೇ ದಿನ, ಒಂದೇ ಶಾಯಿ.

ದೊಡ್ಡಮ್ಮನಿಗೆ ನೀನೇನೂ ಹೇಳಬೇಡ, ನಾನು ಮಾತಾಡುತ್ತೇನೆ.

ಅಮ್ಮ