ಲಿನಕ್ಸ್‌ನಲ್ಲಿ ಸೇವ್ ಫೈಲ್ ಕೈತಪ್ಪುತ್ತಿರುವ ಮತ್ತು ಆಟ ತಡವರಿಸುತ್ತಿರುವ ಬಗ್ಗೆ ದೂರು

ಇಂದ,
ತಮ್ಮ ಆಟದ ಒಬ್ಬ ಗ್ರಾಹಕ,
ಸಾಗರ, ಶಿವಮೊಗ್ಗ ಜಿಲ್ಲೆ.

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ.

ಮಾನ್ಯರೇ,

ಹಳ್ಳಿ ಕಟ್ಟುವ ತಮ್ಮ ಆಟವನ್ನು ಎರಡು ವರ್ಷದ ಹಿಂದೆ ನಾನು ಕೊಂಡದ್ದು, ಮಾರಾಟದ ಪುಟದಲ್ಲಿ ವಿಂಡೋಸ್ ಗುರುತಿನ ಪಕ್ಕದಲ್ಲೇ ಲಿನಕ್ಸ್ ಗುರುತೂ ಇತ್ತು ಎಂಬ ಒಂದೇ ಕಾರಣಕ್ಕೆ. ನಮ್ಮ ಮನೆಯ ಡೆಸ್ಕ್‌ಟಾಪ್‌ನಲ್ಲಿರುವುದು ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 24.04, ವಿಂಡೋಸ್ ಇಲ್ಲ, ಹಾಕಿಸುವ ಉದ್ದೇಶವೂ ಇಲ್ಲ. ಆಡುವವಳು ಬಹುಪಾಲು ನನ್ನ ಮಗಳು, ಕೆಟ್ಟಾಗ ರಿಪೇರಿ ಮಾಡುವವನು ನಾನು. ಇದೇ ವಿಷಯವಾಗಿ ಮೂರು ಬಾರಿ ಮಿಂಚಂಚೆ ಕಳಿಸಿ, ಮೂರು ಬಾರಿಯೂ ಒಂದೇ ಅಚ್ಚಿನ ಉತ್ತರ ಪಡೆದಿರುವುದರಿಂದ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ತೊಂದರೆ ಕಳೆದ ಜುಲೈನದು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸತಲ್ಲ. ಯುಪಿಎಸ್ ಬ್ಯಾಟರಿ ಬದಲಾಯಿಸದೆ ಬಿಟ್ಟದ್ದು ನನ್ನದೇ ತಪ್ಪು ಎಂದು ಒಪ್ಪಿಕೊಳ್ಳುತ್ತೇನೆ. ಆಟ ತಾನಾಗಿಯೇ ಸೇವ್ ಮಾಡಿಕೊಳ್ಳುತ್ತಿದ್ದ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಮತ್ತೆ ಬಂದ ಮೇಲೆ ಟರ್ಮಿನಲ್ ತೆರೆದು ನೋಡಿದರೆ, ಅದುವರೆಗೆ 24 ಎಂಬಿ ಇದ್ದ ಸೇವ್ ಫೈಲಿನ ಗಾತ್ರ ಬರೀ ಸೊನ್ನೆ ಎಂದಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಆಟವನ್ನು ಮತ್ತೆ ತೆರೆದ ಕೂಡಲೇ ಆ ಖಾಲಿ ಫೈಲೇ ಇತ್ತೀಚಿನದೆಂದು ಲೆಕ್ಕವಾಗಿ ಕ್ಲೌಡ್‌ಗೂ ಹೋಯಿತು, ಅಲ್ಲಿದ್ದ ಒಳ್ಳೆಯ ಪ್ರತಿಯ ಮೇಲೆಯೇ ಕೂತಿತು. ನಾನು ಹಿಂದೊಮ್ಮೆ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದ ಪ್ರತಿಯಿಂದ ಆಟವೇನೋ ಮುಂದುವರಿಯಿತು, ಆದರೆ ನಡುವಿನ ಹನ್ನೊಂದು ಗಂಟೆಗಳ ಆಟ ಹೋಯಿತು. ಅದರಲ್ಲಿ ಮಗಳು ತನ್ನ ಹಳ್ಳಿಯ ತಲೆಯಲ್ಲಿ ತೋಡಿಸಿದ್ದ ಕೆರೆಯೂ ಸೇರಿತ್ತು. "ಅಪ್ಪಾ, ಕೆರೇನೇ ಇಲ್ಲ" ಎಂದು ಅವಳು ಕೂಗಿದ್ದು ತಮಗೆ ಸಣ್ಣ ಸಂಗತಿಯಾಗಿ ಕಂಡೀತು. ಅವಳು ಎರಡು ವಾರ ಆ ಆಟವನ್ನು ಮುಟ್ಟಲಿಲ್ಲ.

ಇದು ಲಿನಕ್ಸ್‌ನ ದೋಷವಲ್ಲ, ವಿಂಡೋಸ್‌ನಲ್ಲೂ ಹೀಗೆಯೇ ಆದೀತು. ತಮ್ಮ ಆಟ ಹಳೆಯ ಫೈಲನ್ನು ಮೊದಲು ಬರಿದು ಮಾಡಿ, ಆಮೇಲೆ ಅದರೊಳಗೇ ಹೊಸದನ್ನು ಬರೆಯುತ್ತಿರುವಂತೆ ಕಾಣುತ್ತದೆ. ಇವೆರಡರ ನಡುವೆ ಕರೆಂಟ್ ಹೋದರೆ ಉಳಿಯುವುದು ಬರೀ ಹೆಸರು. ಬೇರೊಂದು ಹೆಸರಿನಲ್ಲಿ ಪೂರ್ತಿ ಬರೆದು, ಅದು ಡಿಸ್ಕಿಗೆ ಇಳಿದಿದೆ ಎಂದು ಖಾತ್ರಿ ಮಾಡಿಕೊಂಡು, ನಂತರ ಹೆಸರು ಬದಲಾಯಿಸಿದರೆ ಹಳೆಯದೋ ಹೊಸದೋ ಒಂದಂತೂ ಕೈಯಲ್ಲಿರುತ್ತದೆ. ತಂತ್ರಾಂಶ ಬರೆಯುವವರಿಗೆ ಇದು ಹೊಸ ಪಾಠವೇನಲ್ಲ.

ಎರಡನೆಯದು ನವೆಂಬರ್ ತಿಂಗಳ ಅಪ್‌ಡೇಟ್. ಲಿನಕ್ಸ್‌ಗೆಂದೇ ಇದ್ದ ಆವೃತ್ತಿಯನ್ನು ಅದರಲ್ಲಿ ತೆಗೆದುಹಾಕಿ, ವಿಂಡೋಸ್ ಆವೃತ್ತಿಯೇ ಪ್ರೋಟಾನ್ (ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಸ್ಟೀಮ್‌ನ ತಂತ್ರಾಂಶ) ಮೂಲಕ ನಡೆಯುವಂತೆ ಮಾಡಿದ್ದೀರಿ. ಗ್ರಾಹಕರಿಗೆ ಒಂದು ಸಾಲಿನ ಸೂಚನೆಯನ್ನೂ ಕೊಡಲಿಲ್ಲ. ಯೂನಿಟಿ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಮಾಡಿದ ತಮ್ಮ ಆಟ ಈವರೆಗೆ ಸೇವ್ ಫೈಲುಗಳನ್ನು ನನ್ನ ಹೋಮ್ ಫೋಲ್ಡರಿನ ಡಾಟ್-ಕಾನ್ಫಿಗ್ ಒಳಗಿನ ಯೂನಿಟಿ3ಡಿ ಎಂಬಲ್ಲಿ ಇಡುತ್ತಿತ್ತು. ಈಗ ಅದು ಹುಡುಕುವುದು ಪ್ರೋಟಾನ್ ಸೃಷ್ಟಿಸಿದ ನಕಲಿ ಸಿ-ಡ್ರೈವಿನೊಳಗೆ, ಸ್ಟೀಮ್‌ಯೂಸರ್ ಎಂಬ ಬಳಕೆದಾರನ ಆ್ಯಪ್‌ಡೇಟಾ, ಲೋಕಲ್‌ಲೋ ದಾಟಿದ ಮೇಲೆ. ಹೀಗಾಗಿ ಆಟ ತೆರೆದಾಗ 'ಮುಂದುವರಿಸಿ' ಎಂಬ ಗುಂಡಿಯೇ ಮಂಕಾಗಿತ್ತು. ಫೈಲುಗಳನ್ನು ನಾನೇ ಹುಡುಕಿ ಹೊಸ ಜಾಗಕ್ಕೆ ನಕಲು ಮಾಡಿದರೂ ಆಟಕ್ಕೆ ಅವು ಕಾಣಲಿಲ್ಲ, ಏಕೆಂದರೆ ಯಾವ ಯಾವ ಸೇವ್‌ಗಳಿವೆ ಎಂಬ ಪಟ್ಟಿಯನ್ನು ತಾವು ಆಟದ ಸೆಟ್ಟಿಂಗ್ಸ್ ಜೊತೆ ಸೇರಿಸಿಟ್ಟಿದ್ದೀರಿ. ಅದು ಲಿನಕ್ಸ್‌ನಲ್ಲಿ ಒಂದು ಫೈಲಿನಲ್ಲಿದ್ದರೆ ವಿಂಡೋಸ್‌ನಲ್ಲಿ ರಿಜಿಸ್ಟ್ರಿ ಎಂಬ ಸೆಟ್ಟಿಂಗ್ಸ್ ಭಂಡಾರದಲ್ಲಿರುತ್ತದೆ. ಕೊನೆಗೆ ಅದೇ ಹೆಸರಿನಲ್ಲಿ ಹೊಸ ಆಟ ಶುರುಮಾಡಿ, ಸೇವ್ ಮಾಡಿ, ಆಟ ಮುಚ್ಚಿ, ಆ ಫೈಲಿನ ಜಾಗದಲ್ಲಿ ಹಳೆಯದನ್ನು ಕೂರಿಸಿದಾಗ ಹಳ್ಳಿ ಮರಳಿ ಬಂತು. ಒಂದು ಭಾನುವಾರ ಪೂರ್ತಿ ಇದಕ್ಕೇ ಹಿಡಿಯಿತು. ಇಷ್ಟು ತಿಳಿಯದವರು ತಮ್ಮ ಆಟವೆಲ್ಲ ಅಳಿಸಿಹೋಯಿತೆಂದೇ ಭಾವಿಸಿ ಸುಮ್ಮನಾಗಿರುತ್ತಾರೆ.

ತಮ್ಮ ಸಿಬ್ಬಂದಿ ಕೊಟ್ಟ ಸಲಹೆಯಂತೂ ಗಾಯದ ಮೇಲೆ ಬರೆ. ಪ್ರೋಟಾನ್‌ನ ಫೋಲ್ಡರನ್ನು ಪೂರ್ತಿ ಅಳಿಸಿ ಆಟವನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕಂತೆ. ಸೇವ್ ಫೈಲುಗಳು ಈಗ ಇರುವುದೇ ಆ ಫೋಲ್ಡರಿನೊಳಗೆ. ಕ್ಲೌಡ್ ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಕೂಡ ಕೇಳದೆ ಹೀಗೆ ಹೇಳುವುದು, ಮನೆಯೊಳಗೆ ಯಾರಿದ್ದಾರೆಂದು ನೋಡದೆ ಗೋಡೆ ಕೆಡವಿದ ಹಾಗಾಯಿತು. ದಯವಿಟ್ಟು ಈ ಸಲಹೆಯನ್ನು ಇನ್ನಾರಿಗೂ ಕೊಡಬೇಡಿ.

ಆಟದ ವೇಗದ ಬಗ್ಗೆಯೂ ಹೇಳಬೇಕು. ಹಿಂದಿನ ಆವೃತ್ತಿ ಇದೇ ಯಂತ್ರದಲ್ಲಿ ಸೆಕೆಂಡಿಗೆ 60 ಫ್ರೇಮ್, ಅಂದರೆ ಒಂದೊಂದಕ್ಕೆ ಸುಮಾರು 16.7 ಮಿಲಿಸೆಕೆಂಡಿನಂತೆ ನಡೆಯುತ್ತಿತ್ತು. ಈಗ ಮ್ಯಾಂಗೋಹಡ್ ಎಂಬ ಅಳತೆಯ ತಂತ್ರಾಂಶ ಹಾಕಿ ಅಳೆದರೆ 40ರ ಆಸುಪಾಸು. ಸಂತೆಯ ಬೀದಿಗೆ ಮೊದಲ ಸಲ ಕಾಲಿಟ್ಟಾಗ 200 ಮಿಲಿಸೆಕೆಂಡಿನವರೆಗೂ ಗಕ್ಕನೆ ನಿಲ್ಲುತ್ತದೆ, ಎರಡನೆಯ ಸಲ ನಿಲ್ಲುವುದಿಲ್ಲ. ಇದು ಶೇಡರ್‌ಗಳು (ಚಿತ್ರ ಬಿಡಿಸಲು ಬೇಕಾದ ಸಣ್ಣ ಪ್ರೋಗ್ರಾಮ್‌ಗಳು) ಆ ಹೊತ್ತಿನಲ್ಲೇ ಸಿದ್ಧವಾಗುತ್ತಿರುವುದರ ಲಕ್ಷಣ, ಅದನ್ನು ಸಹಿಸಬಹುದು. ಸಹಿಸಲಾಗದ್ದು ಇನ್ನೊಂದು: ಸರಿಯಾಗಿ ಐದು ನಿಮಿಷಕ್ಕೊಮ್ಮೆ ಅರ್ಧ ಸೆಕೆಂಡ್ ಆಟವೇ ಕಲ್ಲಾಗುತ್ತದೆ. ಆಟೋಸೇವ್ ನಿಲ್ಲಿಸಿದರೆ ಅದೂ ನಿಲ್ಲುತ್ತದೆ. 24 ಎಂಬಿ ಫೈಲನ್ನು ಪ್ರತಿ ಬಾರಿ ಮೊದಲಿನಿಂದ ಬರೆದು ಮುಗಿಸುವವರೆಗೆ ಚಿತ್ರ ಬಿಡಿಸುವ ಕೆಲಸವನ್ನೂ ತಡೆದು ನಿಲ್ಲಿಸುತ್ತಿದ್ದೀರೆಂದು ನನ್ನ ಅನುಮಾನ. ಪ್ರೋಟಾನ್ ಮೇಲೆ ನನಗೆ ತಕರಾರಿಲ್ಲ. 2018ರಿಂದ ಅದು ಬಳಕೆಯಲ್ಲಿದೆ, 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ನಿಂತಿರುವುದೇ ಅದರ ಮೇಲೆ, ನಮ್ಮ ಮನೆಯಲ್ಲೇ ಇದಕ್ಕಿಂತ ಭಾರವಾದ ಆಟಗಳು ಅದರಲ್ಲಿ ಸಲೀಸಾಗಿ ನಡೆಯುತ್ತಿವೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮುಂದಿನ ಅಪ್‌ಡೇಟ್‌ನಲ್ಲಿ ಸೇವ್ ಬರೆಯುವ ಕ್ರಮವನ್ನು ಸರಿಪಡಿಸಿ, ಹಿಂದಿನ ಎರಡು ಮೂರು ಪ್ರತಿಗಳನ್ನಾದರೂ ಉಳಿಸಿಕೊಳ್ಳುವಂತೆ ಮಾಡಬೇಕು, ಖಾಲಿ ಫೈಲು ಯಾವ ಕಾರಣಕ್ಕೂ ಕ್ಲೌಡ್‌ಗೆ ಹೋಗಬಾರದು. ಹಳೆಯ ಸೇವ್‌ಗಳನ್ನು ಹೊಸ ಜಾಗಕ್ಕೆ ತರುವ ವಿಧಾನವನ್ನು ಬರವಣಿಗೆಯಲ್ಲಿ ಪ್ರಕಟಿಸಬೇಕು. ಹಿಂದಿನ ಲಿನಕ್ಸ್ ಆವೃತ್ತಿ ಬೇಕೆನ್ನುವವರಿಗೆ ಅದು, ಹೊಸ ಅಂಶಗಳಿಲ್ಲದೆಯೇ ಆದರೂ, ಇಳಿಸಿಕೊಳ್ಳಲು ಸಿಗುವಂತಿರಬೇಕು. ಇದಾಗದು ಎನ್ನುವುದಾದರೆ ಮಾರಾಟದ ಪುಟದಲ್ಲಿ ಇಂದಿಗೂ ಉಳಿದಿರುವ ಲಿನಕ್ಸ್ ಗುರುತನ್ನು ತೆಗೆದು, ನಾನು ಕೊಟ್ಟ ಹಣವನ್ನು ಹಿಂದಿರುಗಿಸಬೇಕು.

ಫ್ರೇಮ್ ಅಳತೆಯ ದಾಖಲೆ, ಸೊನ್ನೆ ಬೈಟ್‌ನ ಫೈಲು ಕಾಣುವ ತೆರೆಚಿತ್ರ ಹಾಗೂ ಖರೀದಿಯ ರಸೀದಿಯನ್ನು ಲಗತ್ತಿಸಿದ್ದೇನೆ. ಮೂವತ್ತು ದಿನಗಳೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಉತ್ತರವನ್ನು ದಯವಿಟ್ಟು ಈ ಪತ್ರ ಓದಿದವರೇ ಬರೆಯಲಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ)