ಸುಡುವ ಮೊದಲು ಮೊಟಕು ಮಾಡುತ್ತಾರೆ

ಮಾನ್ಯ ಸಂಪಾದಕರೇ,

ಪದವಿ ತರಗತಿಗೆ ಇಟ್ಟ ಇಂಗ್ಲಿಷ್ ಕಾದಂಬರಿ ಬೇಕೆಂದು ಹಾಸನದಲ್ಲಿ ಹುಡುಕಹೊರಟ ವಿದ್ಯಾರ್ಥಿಗೆ ಕಾದಂಬರಿಗಿಂತ ಮೊದಲು ಗೈಡು ಸಿಗುತ್ತದೆ. ರೇ ಬ್ರಾಡ್ಬರಿಯ ‘ಫ್ಯಾರನ್‌ಹೀಟ್ 451’ (1953) ಅನ್ನೂ ಹೆಚ್ಚಿನವರು ಹೀಗೇ ಬಲ್ಲರು: ‘ಸರ್ಕಾರ ಪುಸ್ತಕ ಸುಡುತ್ತದೆ, ನಾಯಕ ತಿರುಗಿಬೀಳುತ್ತಾನೆ’. ಪರೀಕ್ಷೆಗೆ ಇಷ್ಟು ಸಾಕಾಗಬಹುದು. ಆದರೆ ಆ ಕಾದಂಬರಿ ಬೆಂಕಿಗಿಂತ ಮೊದಲು ಹೆದರುವುದು ಇಂಥ ಕಥಾಸಾರಕ್ಕೇ.

ಮನೆಗಳಿಗೆಲ್ಲ ಬೆಂಕಿ ತಗಲದ ಲೇಪ ಬಂದ ಮೇಲೆ ಅಲ್ಲಿನ ಫೈರ್‌ಮನ್‌ಗಳಿಗೆ ಉಳಿದ ಕೆಲಸ ಪುಸ್ತಕ ಸುಡುವುದು. ಅವರಲ್ಲೊಬ್ಬನಾದ ಕಥಾನಾಯಕ ಮಾಂಟ್ಯಾಗ್ ಹುಷಾರಿಲ್ಲವೆಂದು ಮಲಗಿದಾಗ ನೋಡಲು ಬಂದ ಮೇಲಧಿಕಾರಿ ಕ್ಯಾಪ್ಟನ್ ಬೀಟಿ, ಈ ಕಸುಬು ಹೇಗೆ ಶುರುವಾಯಿತೆಂದು ವಿವರಿಸುತ್ತಾನೆ. ಮೇಲಿನಿಂದ ಯಾವ ಆಜ್ಞೆಯೂ ಬರಲಿಲ್ಲ. ಮೊದಲು ದೊಡ್ಡ ಕೃತಿಗಳನ್ನು ಹದಿನೈದು ನಿಮಿಷದ ರೇಡಿಯೊ ಕಾರ್ಯಕ್ರಮಕ್ಕೆ ಇಳಿಸಿದರು, ಆಮೇಲೆ ಎರಡು ನಿಮಿಷದ ಅಂಕಣಕ್ಕೆ, ಕೊನೆಗೆ ನಿಘಂಟಿನ ಹತ್ತು ಹನ್ನೆರಡು ಸಾಲಿಗೆ. ಜೊತೆಗೆ ಒಬ್ಬೊಬ್ಬರಿಗೆ ಒಂದೊಂದು ಪುಟ ಚುಚ್ಚಿತು, ಚುಚ್ಚಿದ್ದೆಲ್ಲ ಹೋಯಿತು. ಉಳಿದದ್ದನ್ನು ಓದಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಸೀಮೆಎಣ್ಣೆ ಬಂದದ್ದು ಅದಾದ ಮೇಲೆ.

ಇದೇ ಕಾದಂಬರಿಗೆ ಮುಂದೆ ಅದೇ ಗತಿ ಬಂತು. 1967ರಲ್ಲಿ ಅಮೆರಿಕದ ಶಾಲಾ ಮಕ್ಕಳಿಗೆಂದು ಪ್ರಕಾಶಕರು ಒಂದು ಆವೃತ್ತಿ ತಂದು, ಬೈಗುಳ, ಗರ್ಭಪಾತದ ಪ್ರಸ್ತಾಪ ಇತ್ಯಾದಿ ಸೇರಿ ಸುಮಾರು 75 ಕಡೆ ತಿದ್ದಿದರು. ಕೆಲವು ವರ್ಷ ಮೂಲದ್ದು, ತಿದ್ದಿದ್ದು ಎರಡೂ ಮಾರುಕಟ್ಟೆಯಲ್ಲಿದ್ದವು. 1973ರ ಹೊತ್ತಿಗೆ ತಿದ್ದಿದ್ದು ಮಾತ್ರ ಉಳಿಯಿತು. ಲೇಖಕನ ಗಮನಕ್ಕೆ ಬಂದದ್ದು 1979ರಲ್ಲಿ. ಅಷ್ಟು ಕಾಲ ಯಾರಿಗೂ ಗೊತ್ತಾಗದೆ ಹೋದದ್ದಕ್ಕೆ ಕಾರಣ ಸರಳ: ಕಿತ್ತ ಜಾಗ ಖಾಲಿ ಬಿಟ್ಟಿರಲಿಲ್ಲ, ಬೇರೆ ಪದ ತುಂಬಿದ್ದರು.

ಪತ್ರಿಕೆಯವರಾದ ನಿಮಗೆ ಈ ವ್ಯತ್ಯಾಸ ನಾವು ಹೇಳಬೇಕಾಗಿಲ್ಲ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿಯ ಪೂರ್ವ ಸೆನ್ಸಾರ್ ಬಂದಾಗ ಕೆಲವು ಪತ್ರಿಕೆಗಳು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟವು. ಓದು ಬಾರದವನಿಗೂ ಆ ಬಿಳಿ ಚೌಕ ಕಂಡರೆ ಇಲ್ಲೇನೋ ಕಿತ್ತಿದ್ದಾರೆಂದು ತಿಳಿಯುತ್ತಿತ್ತು. ಜಾರ್ಜ್ ಆರ್ವೆಲ್‌ನ ‘1984’ರಲ್ಲಿ (1949) ಆ ಬಿಳಿ ಚೌಕವೂ ಇಲ್ಲ. ಅದರ ನಾಯಕ, ಸರ್ಕಾರಿ ನೌಕರ ವಿನ್‌ಸ್ಟನ್ ಸ್ಮಿತ್‌ನ ಕೆಲಸ ಹಳೆಯ ಪತ್ರಿಕೆಗಳನ್ನು ತಿದ್ದುವುದು. ಕೊಳವೆಯಲ್ಲಿ ಚೀಟಿ ಬರುತ್ತದೆ, ಸುದ್ದಿಯ ಹೊಸ ಪಾಠವನ್ನು ಆತ ಯಂತ್ರಕ್ಕೆ ಹೇಳಿ ಬರೆಸುತ್ತಾನೆ, ಸಂಚಿಕೆ ಮರುಮುದ್ರಣವಾಗುತ್ತದೆ, ಮೂಲ ಪ್ರತಿಯನ್ನು ಗೋಡೆಯ ಕಿಂಡಿಗೆ ಹಾಕಿದರೆ ಕುಲುಮೆಗೆ ಬೀಳುತ್ತದೆ. ಹೊಗಳಿಕೆಗೆ ಪಾತ್ರನಾಗಿದ್ದ ಅಧಿಕಾರಿ ಈಗ ಬೇಡವಾದರೆ, ಆತನಿದ್ದ ಜಾಗಕ್ಕೆ ಹುಟ್ಟೇ ಇರದ ಕಾಮ್ರೇಡ್ ಓಗಿಲ್ವಿ ಎಂಬೊಬ್ಬ ವೀರನನ್ನು ತಂದು ಕೂರಿಸುತ್ತಾನೆ.

ಸೆನ್ಸಾರ್ ಒಂದು ವಿಷಯ, ಮನುಷ್ಯತ್ವ ಕಳೆದುಕೊಳ್ಳುವುದು ಇನ್ನೊಂದು ಎಂದು ನಮ್ಮ ಪ್ರಶ್ನೆಪತ್ರಿಕೆಗಳು ಐದೈದು ಅಂಕಕ್ಕೆ ಬೇರೆ ಬೇರೆಯಾಗಿ ಕೇಳುತ್ತವೆ. ಹಾಗೆ ಸೀಳಿದರೆ ಕಾದಂಬರಿಯೇ ಕೈಬಿಟ್ಟುಹೋಗುತ್ತದೆ. ‘1984’ರ ಚಾಕೊಲೇಟನ್ನೇ ನೋಡಿ. ವಾರದ ಪಡಿಯನ್ನು 30 ಗ್ರಾಂನಿಂದ 20ಕ್ಕೆ ಇಳಿಸುತ್ತಾರೆ. ಮಾರನೆಯ ದಿನ, ಪಡಿಯನ್ನು 20 ಗ್ರಾಂಗೆ ಏರಿಸಿದ್ದಕ್ಕೆ ಜನ ಕೃತಜ್ಞತೆಯ ಮೆರವಣಿಗೆ ನಡೆಸಿದರೆಂದು ಸುದ್ದಿ. ಪಕ್ಕದ ಮನೆಯ ಪಾರ್ಸನ್ಸ್ ಅದನ್ನು ಸಲೀಸಾಗಿ ನುಂಗಿಕೊಳ್ಳುತ್ತಾನೆ. ಇದೇ ಪಾರ್ಸನ್ಸ್ ಮುಂದೆ ಜೈಲಿನಲ್ಲಿ ಸಿಗುತ್ತಾನೆ. ನಿದ್ದೆಯಲ್ಲಿ ಬಡಬಡಿಸಿದ್ದನ್ನು ಕೇಳಿಸಿಕೊಂಡು ಹಿಡಿದುಕೊಟ್ಟವಳು ಏಳು ವರ್ಷದ ಸ್ವಂತ ಮಗಳು; ಆತನಿಗೆ ಅವಳ ಬಗ್ಗೆ ಹೆಮ್ಮೆ! ನಿನ್ನೆಯದನ್ನು ನೆನಪಿಟ್ಟುಕೊಳ್ಳದ ಮನಸ್ಸಿಗೆ ಮಗಳು ಮಾಡಿದ್ದು ನೋವೆಂದೂ ತಿಳಿಯದು. ಲೋಯಿಸ್ ಲೌರಿಯ ‘ದಿ ಗಿವರ್’ (1993) ಇದನ್ನೇ ಇನ್ನೂ ಮೆತ್ತಗೆ ಹೇಳುತ್ತದೆ. ‘ನನ್ನ ಮೇಲೆ ಪ್ರೀತಿ ಇದೆಯಾ?’ ಎಂದು ಹುಡುಗ ಕೇಳಿದರೆ ಅಪ್ಪ ಅಮ್ಮ ನಗುತ್ತಾರೆ, ಅಂಥ ಅಸ್ಪಷ್ಟ ಪದ ಬಳಸಬೇಡ ಎಂದು ತಿದ್ದುತ್ತಾರೆ.

ಹಾಗಿದ್ದರೂ ಬ್ರಾಡ್ಬರಿಯ ಒಂದು ದೃಶ್ಯದ ಮುಂದೆ ಇವೆಲ್ಲ ಸಪ್ಪೆ. ಮಾಂಟ್ಯಾಗ್‌ನ ಹೆಂಡತಿ ಮಿಲ್ಡ್ರೆಡ್ ಮೂವತ್ತು ನಿದ್ದೆ ಮಾತ್ರೆಯ ಶೀಶೆ ಖಾಲಿ ಮಾಡಿದಾಗ ಬರುವವರು ಡಾಕ್ಟರಲ್ಲ, ಯಂತ್ರ ಹೊತ್ತ ಇಬ್ಬರು ಕೆಲಸಗಾರರು. ರಾತ್ರಿಗೆ ಒಂಬತ್ತು ಹತ್ತು ಕೇಸು ಇರುತ್ತವೆ ಎನ್ನುತ್ತಾರೆ, ಐವತ್ತು ಡಾಲರ್ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಅವಳಿಗೆ ಏನೂ ನೆನಪಿಲ್ಲ. ಇಂಥ ಮನೆಗೆ ಒಂದು ಸಂಜೆ ಗೆಳತಿಯರು ಬರುತ್ತಾರೆ. ಅವರಲ್ಲಿ ಮಿಸೆಸ್ ಫೆಲ್ಪ್ಸ್ ಎಂಬಾಕೆಯ ಗಂಡ ಯುದ್ಧಕ್ಕೆ ಹೋಗಿದ್ದಾನೆ. ಸತ್ತರೆ ಅಳುವುದು ಬೇಡ, ಇನ್ನೊಂದು ಮದುವೆಯಾಗು ಎಂದು ಮೊದಲೇ ಮಾತಾಗಿದೆಯಂತೆ. ಮಾಂಟ್ಯಾಗ್ ಬಚ್ಚಿಟ್ಟ ಪುಸ್ತಕ ತಂದು ಮ್ಯಾಥ್ಯೂ ಆರ್ನಾಲ್ಡ್‌ನ ‘ಡೋವರ್ ಬೀಚ್’ ಓದುತ್ತಾನೆ. ಓದಿ ಮುಗಿಸುವಷ್ಟರಲ್ಲಿ ಅದೇ ಫೆಲ್ಪ್ಸ್ ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ. ಯಾಕೆಂದು ಅವಳಿಗೇ ಗೊತ್ತಿಲ್ಲ. ಇನ್ನೊಬ್ಬಳು, ಮಿಸೆಸ್ ಬೌಲ್ಸ್, ಕವಿತೆಯೆಂದರೆ ಕಣ್ಣೀರು, ಆತ್ಮಹತ್ಯೆ, ಕಾಯಿಲೆ ಎಂದು ಸಿಡುಕುತ್ತಾಳೆ. ಸೆನ್ಸಾರ್ ಏನನ್ನು ತಡೆಯುತ್ತದೆ ಎಂಬುದು ಈ ಎರಡು ಮೂರು ಪುಟಗಳಲ್ಲಿದೆ. ಕಥಾಸಾರದಲ್ಲಿ ಇದು ‘ಮಾಂಟ್ಯಾಗ್ ಕವಿತೆ ಓದುತ್ತಾನೆ’ ಎಂಬ ಮೂರು ಪದ.

ಇಡೀ ಕಾದಂಬರಿ ಓದಿಸುವುದು ಕಷ್ಟವೇನಲ್ಲ. ಸುಮಾರು 46 ಸಾವಿರ ಪದಗಳಷ್ಟೆ. ನಿಮಿಷಕ್ಕೆ 130 ಪದದಂತೆ ಗಟ್ಟಿಯಾಗಿ ಓದಿದರೆ ಆರು ಗಂಟೆ. ನಮ್ಮ ಗಮಕದ ಕ್ರಮವನ್ನೇ ಇಲ್ಲಿ ಬಳಸಬಹುದು: ಒಬ್ಬರ ವಾಚನ, ಇನ್ನೊಬ್ಬರ ಕನ್ನಡ ವ್ಯಾಖ್ಯಾನ. ಆಗ ಹನ್ನೆರಡು ಗಂಟೆ, ಅಂದರೆ ಒಂದೂವರೆ ಗಂಟೆಯ ಎಂಟು ಭಾನುವಾರ. ಹತ್ತು ಜನಕ್ಕಿಂತ ಹೆಚ್ಚು ಬೇಡ, ಇಬ್ಬರಿಗೊಂದು ಪ್ರತಿ ಇರಲಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಒಂದು ಮೇಜಿನ ಸುತ್ತ ಮುಗಿಯುವ ಕೆಲಸ.

ಕೆಡುವ ಜಾಗಗಳು ಎರಡು. ಫ್ರೆಂಚ್ ನಿರ್ದೇಶಕ ತ್ರೂಫೋ ಈ ಕಾದಂಬರಿಯನ್ನು ಆಧರಿಸಿ 1966ರಲ್ಲಿ ಮಾಡಿದ ಸಿನಿಮಾವನ್ನು ಮೊದಲೇ ತೋರಿಸಬಾರದು. ಅದರಲ್ಲಿ ಮಾಂಟ್ಯಾಗ್‌ನ ನೆರೆಮನೆಯ ಕ್ಲ್ಯಾರಿಸ್ ಕೊನೆಯವರೆಗೂ ಇರುತ್ತಾಳೆ. ಕಾದಂಬರಿಯಲ್ಲಾದರೋ ಆ ಹುಡುಗಿ ಕಾರಿಗೆ ಸಿಕ್ಕಿ ಸತ್ತಿರಬೇಕೆಂದು, ನಾಲ್ಕು ದಿನ ಕಳೆದ ಮೇಲೆ, ಹೇಳಲು ಮರೆತೆ ಎನ್ನುತ್ತಾಳೆ ಮಿಲ್ಡ್ರೆಡ್. ಆ ಮರೆವಿನ ಪೆಟ್ಟು ಸಿನಿಮಾ ನೋಡಿ ಬಂದವರಿಗೆ ತಾಗುವುದೇ ಇಲ್ಲ. ಎರಡನೆಯದು ಬೀಟಿಯ ಮಾತು. ಆತ ಚೆನ್ನಾಗಿ ಓದಿಕೊಂಡವನು, ವಿದ್ಯಾರ್ಥಿಗಳು ಒಪ್ಪಿಯೇಬಿಡುತ್ತಾರೆ. ಮೇಷ್ಟ್ರು ಅಲ್ಲೇ ಖಂಡಿಸಲು ಹೋದರೆ ಚರ್ಚೆ ಇಂದಿನ ಪಕ್ಷಗಳ ಜಗಳಕ್ಕೆ ತಿರುಗುತ್ತದೆ. ಒಪ್ಪಿಕೊಂಡೇ ಮುಂದೆ ಹೋಗಲಿ. ಫೆಲ್ಪ್ಸ್ ಅತ್ತ ಮೇಲೆ ಬೀಟಿಯ ಮಾತಿರುವ ಪುಟಕ್ಕೆ ಹಿಂದಿರುಗಿ ಮತ್ತೆ ಓದಿಸಿದರೆ ಸಾಕು.

ಜಿಲ್ಲೆಯ ಎಂಟೂ ತಾಲ್ಲೂಕಿನ ಗ್ರಂಥಾಲಯಗಳಿಗೆ ತಲಾ ಐದು ಪ್ರತಿ ಕೊಡಿಸಬೇಕೆಂದು ಗ್ರಂಥಾಲಯ ಇಲಾಖೆಯನ್ನು ಈ ಪತ್ರದ ಮೂಲಕ ಕೇಳುತ್ತೇವೆ. ಹಳೆಯ ಪುಸ್ತಕದಂಗಡಿಯಿಂದ ತರುವವರು ಮುದ್ರಣದ ವರ್ಷ ನೋಡಿ. 1967ರಿಂದ 1979ರ ನಡುವಿನ ಅಮೆರಿಕನ್ ಪ್ರತಿಯಾದರೆ, ಕುಡಿದವನು ‘ಕಾಯಿಲೆಯವನು’ ಆಗಿದ್ದಾನೆಯೇ, ಹೊಕ್ಕುಳಿನ ಕೊಳೆ ತೆಗೆಯುವ ಮಾತು ಕಿವಿ ಶುಚಿ ಮಾಡುವ ಮಾತಾಗಿದೆಯೇ ಎಂದು ಪರೀಕ್ಷಿಸಿ. ಆಗಿದ್ದರೆ ಅದು ಕತ್ತರಿ ಬಿದ್ದ ಪ್ರತಿ, ಬೇರೆ ಕೊಳ್ಳಿ.

– ಇಬ್ಬರು ಇಂಗ್ಲಿಷ್ ಉಪನ್ಯಾಸಕರು, ಹಾಸನ