ಡಬ್ಲಿನ್‌ ಕಾರ್ಮಿಕರ ಪಡೆಯ ಇತಿಹಾಸ: ಕನ್ನಡ ಪುಸ್ತಕಕ್ಕೆ ದೇಣಿಗೆ ಮನವಿ

ಮಾನ್ಯರೇ,

1913ರ ಆಗಸ್ಟ್ 26ರಂದು ಐರ್ಲೆಂಡಿನ ಡಬ್ಲಿನ್‌ನ ಟ್ರಾಮ್ ನೌಕರರು ಗಾಡಿಗಳನ್ನು ನಡುರಸ್ತೆಯಲ್ಲೇ ಬಿಟ್ಟು ಇಳಿದರು. ಕಾರ್ಮಿಕ ನಾಯಕ ಜೇಮ್ಸ್ ಲಾರ್ಕಿನ್ ಅವರ ಸಂಘ ಬಿಡದವರಿಗೆ ಕೆಲಸವಿಲ್ಲವೆಂದು ಮಾಲೀಕರು ಬೀಗ ಹಾಕಿದರು. ಸಭೆಗಳ ಮೇಲೆ ಪೊಲೀಸರ ಲಾಠಿ ಬಿತ್ತು. ಆ ಏಟಿನಿಂದ ಕಾರ್ಮಿಕರನ್ನು ಕಾಯಲೆಂದು ನವೆಂಬರ್‌ನಲ್ಲಿ ಹುಟ್ಟಿದ್ದೇ ಐರಿಶ್ ಸಿಟಿಜನ್ ಆರ್ಮಿ. ಕ್ರಾಯ್ಡನ್ ಪಾರ್ಕಿನ ಮೊದಲ ಕವಾಯತುಗಳಲ್ಲಿ ಕೈಗೆ ಸಿಕ್ಕಿದ್ದು ಹರ್ಲಿಂಗ್ ಆಟದ ದಾಂಡು, ಪೊರಕೆ ಕೋಲು.

ಈ ಪಡೆಯ ಕಥೆಯನ್ನು ಬೀದಿ ಬೀದಿ ಹಿಡಿದು ಹೇಳುವ 144 ಪುಟಗಳ ಹಸ್ತಪ್ರತಿ ನಮ್ಮ ಕಾರ್ಮಿಕ ಗ್ರಂಥಾಲಯ ಟ್ರಸ್ಟಿನಲ್ಲಿ ಸಿದ್ಧವಾಗಿದೆ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಈ ಪಡೆಯೂ ಸೇರಿ ಎದ್ದ 1916ರ ಡಬ್ಲಿನ್ ದಂಗೆ ಎಂದೊಡನೆ ಎಲ್ಲರೂ ದಂಗೆಕೋರರ ಕೇಂದ್ರವಾಗಿದ್ದ ಅಂಚೆ ಕಚೇರಿಯನ್ನೇ ನೆನೆಯುತ್ತಾರೆ. ಆದರೆ ಐರಿಶ್ ಗಣರಾಜ್ಯದ ಘೋಷಣಾಪತ್ರ ಅಚ್ಚಾದದ್ದು ಲಾರ್ಕಿನ್ ಅವರ ಸಂಘದ ಕಚೇರಿಯಾದ ಲಿಬರ್ಟಿ ಹಾಲಿನಲ್ಲಿ. ಅಚ್ಚುಮೊಳೆ ಸಾಲದೆ ಮೇಲಿನ ಅರ್ಧ ಜೋಡಿಸಿ ಮುದ್ರಿಸಿದರು. ಮೊಳೆ ಬಿಚ್ಚಿ, ಕೆಳಗಿನ ಅರ್ಧ ಜೋಡಿಸಿ ಅದೇ ಹಾಳೆಗಳನ್ನು ಮತ್ತೆ ಯಂತ್ರಕ್ಕೆ ಕೊಟ್ಟರು. ಹೊಂದದ ಮೊಳೆಗಳು ಉಳಿದ ಪ್ರತಿಗಳಲ್ಲಿ ಇಂದಿಗೂ ಕಣ್ಣಿಗೆ ಬೀಳುತ್ತವೆ.

ದಂಗೆಯಲ್ಲಿ ಪಡೆ ಹಿಡಿದ ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದ ಅಧ್ಯಾಯಕ್ಕೆ ನಕ್ಷೆ ಇಲ್ಲದೆ ಆಗದು. ಅಲ್ಲಿ ನಾಯಕ ಮೈಕೆಲ್ ಮ್ಯಾಲಿನ್, ಹಿಂದೆ ಬ್ರಿಟಿಷ್ ಸೇನೆಯಲ್ಲಿ ಭಾರತದಲ್ಲಿದ್ದು ಬಂದ ರೇಷ್ಮೆ ನೇಕಾರ. ಪಡೆ ಉದ್ಯಾನದಲ್ಲಿ ಕಂದಕ ತೋಡಿತು, ಉತ್ತರಕ್ಕಿದ್ದ ಎತ್ತರದ ಶೆಲ್ಬೋರ್ನ್ ಹೋಟೆಲನ್ನು ಹಿಡಿಯಲಿಲ್ಲ. ಜನ ಸಾಲದಿದ್ದುದು ನಿಜ. ಆದರೂ ಅದು ದುಬಾರಿ ತಪ್ಪೇ. ದಂಗೆಯ ಎರಡನೇ ದಿನ, ಮಂಗಳವಾರ ಬೆಳಗ್ಗೆ, ಅಲ್ಲಿಂದಲೇ ಬ್ರಿಟಿಷ್ ಸೈನಿಕರ ಮೆಷಿನ್‌ಗನ್ ಗುಂಡು ಹಾರಿತು, ಪಡೆ ಪಶ್ಚಿಮದ ಸರ್ಜನ್ಸ್ ಕಾಲೇಜಿಗೆ ಸರಿಯಬೇಕಾಯಿತು. (ಉದ್ಯಾನದ ಬಾತುಕೋಳಿಗಳಿಗೆ ಕಾಳು ಹಾಕಲು ಮಾತ್ರ ಎರಡೂ ಕಡೆಯವರು ಗುಂಡು ನಿಲ್ಲಿಸುತ್ತಿದ್ದರು!)

ಪಾಲ್ಗೊಂಡವರ ಸಾಕ್ಷ್ಯಗಳನ್ನು ಐರ್ಲೆಂಡ್ ಸರ್ಕಾರ ಬರೆಸಿಕೊಂಡದ್ದು 1947ರ ನಂತರ. ಮೂವತ್ತು ವರ್ಷ ಕಳೆದಿದ್ದರಿಂದ ಗಂಟೆ, ತಲೆಎಣಿಕೆ ಒಬ್ಬರದು ಒಬ್ಬರಿಗೆ ತಾಳೆಯಾಗುವುದಿಲ್ಲ. ಅದಕ್ಕೇ ಒಂದೊಂದನ್ನೂ ಹೋರಾಟಗಾರರ ಪಿಂಚಣಿ ಕಡತಗಳ ಜೊತೆ ಇಟ್ಟು ನೋಡಿದ್ದೇವೆ.

ಡೆಮಿ 1/8 ಅಳತೆ, 1,000 ಪ್ರತಿ, 16 ಪುಟಗಳ 9 ಫಾರಂ. ಫಾರಂ ಒಂದಕ್ಕೆ ₹10,000. ನಕ್ಷೆ ಬರೆಸಲು, ಚಿತ್ರಗಳ ಹಕ್ಕಿಗೆ ₹45,000. ಒಟ್ಟು ₹1,35,000. ನೂಲು ಹೊಲಿಗೆಯೇ ಆಗಬೇಕು. ಬರೀ ಅಂಟಿನ ಬೈಂಡಿಂಗಾದರೆ ಗ್ರಂಥಾಲಯದಲ್ಲಿ ಹಾಳೆ ಕಿತ್ತು ಬರುತ್ತವೆ. ಒಂದು ಫಾರಂ ವಹಿಸಿಕೊಂಡವರ ಹೆಸರು ಪುಸ್ತಕದಲ್ಲಿ ಬರುತ್ತದೆ. ₹100 ಕೊಟ್ಟರೂ ರಸೀದಿ ಉಂಟು.

ದೇಣಿಗೆಗೆ ಆದಾಯ ತೆರಿಗೆಯ 80ಜಿ ರಿಯಾಯಿತಿ ಬೇಕಾದವರು ಪ್ಯಾನ್ ಸಂಖ್ಯೆ ಕೊಡಿ, ₹2,000 ಮೀರಿದರೆ ನಗದು ಬೇಡ, ಚೆಕ್ ಅಥವಾ ಬ್ಯಾಂಕ್ ಮೂಲಕ ಕಳಿಸಿ. ಐರ್ಲೆಂಡಿನಲ್ಲಿರುವ ಕನ್ನಡಿಗರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ಅದರ ನಕಲಿನೊಂದಿಗೆ ಕೊಡಬಹುದು. ಅಲ್ಲಿನ ಪೌರತ್ವ ಪಡೆದವರಿಂದ ಹಣ ಪಡೆಯಲು ನಮಗೆ ವಿದೇಶಿ ದೇಣಿಗೆ ಕಾಯ್ದೆಯ ಎಫ್‌ಸಿಆರ್‌ಎ ನೋಂದಣಿ ಇಲ್ಲ. ಅವರು ಕರಡು ನಕ್ಷೆಯ ಬೀದಿ ಹೆಸರುಗಳನ್ನು ತಿದ್ದಿಕೊಟ್ಟರೆ ಉಪಕಾರ.

ಟ್ರಸ್ಟಿನ ಪರವಾಗಿ,
ಕಾರ್ಯದರ್ಶಿ